ಗಂಧ ಒಣಗದ ಜಾಗ

ನಮಸ್ಕಾರ. ಈ ಹಾಳೆ ನೋಡಿ. ಕ್ಯಾಮೆರಾಕ್ಕೆ ಸ್ವಲ್ಪ ಹತ್ತಿರ ಹಿಡಿಯುತ್ತೇನೆ. ನಾನೇ ಕೆತ್ತಿ ಒತ್ತಿದ ಚಿತ್ರ, ಕಾಫಿ ಗಿಡದ ಒಂದು ರೆಂಬೆ. ಹಣ್ಣು ಕೆಂಪಗಿದೆ, ಸರಿ. ಕೆಳಗಿನ ಈ ಎಲೆ? ಅದೂ ಕೆಂಪು. ಮೊನ್ನೆ ಪಕ್ಕದ ತೋಟದ ಮಾವ ಬಂದಿದ್ದರು. ಕನ್ನಡಕ ಏರಿಸಿಕೊಂಡು ನೋಡಿ, "ಏನೋ ಇದು, ಬೋರ್ಡೋ ಹೊಡೆಸಿಲ್ವೇನೋ?" ಅಂದರು. ಬೋರ್ಡೋ ಅಂದರೆ ಎಲೆ ರೋಗಕ್ಕೆ ಹೊಡೆಸುವ ಔಷಧಿ.

ರೋಗ ಅಲ್ಲ ಮಾವ, ನನ್ನ ತಲೆ ಕೆಟ್ಟಿದ್ದು.

ಇದು ಲಿನೋಕಟ್: ಲಿನೋಲಿಯಂ ಶೀಟಿನ ತುಂಡು ಕೆತ್ತಿ, ಇಂಕು ಹಚ್ಚಿ, ಕಾಗದಕ್ಕೆ ಒತ್ತುವ ಚಿತ್ರ. ಕೆತ್ತಿದ ಕಡೆ ಇಂಕು ಹತ್ತಲ್ಲ. ಹೆಸರು ಗೊತ್ತಿಲ್ಲದವರೂ ಒಂದನ್ನು ನೋಡಿಯೇ ಇರುತ್ತೀರಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ, ಕೋಲು ಹಿಡಿದು ನಡೆಯುತ್ತಿರುವ ಗಾಂಧೀಜಿ. ನಂದಲಾಲ್ ಬೋಸ್ 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ವರ್ಷ ಮಾಡಿದ್ದು. ಅದು ಒಂದೇ ಬಣ್ಣ. ನಾನು ಒಂದೇ ಬಣ್ಣದಲ್ಲಿ ಎರಡು ವರ್ಷ ಆರಾಮಾಗಿದ್ದೆ. ಬಹುಬಣ್ಣಕ್ಕೆ ಇಳಿದೆ ನೋಡಿ, ತಪ್ಪುಗಳು ಸಂಸಾರ ಸಮೇತ ಬಂದವು.

ನಾನು ಮಾಡುವುದು ರಿಡಕ್ಷನ್. ಒಂದೇ ಲಿನೋ ತುಂಡಿನಿಂದ ಎಲ್ಲ ಬಣ್ಣ. 1959ರ ಸುಮಾರಿಗೆ ಫ್ರಾನ್ಸಿನ ವಲ್ಲೋರಿಸ್‌ನಲ್ಲಿ ಪಿಕಾಸೊ ಕೈಗೆ ಸಿಕ್ಕ ಮೇಲೆ ಈ ವಿಧಾನಕ್ಕೆ ದೊಡ್ಡ ಹೆಸರು ಬಂತು. ಮೊದಲು ಬಿಳಿ ಬೇಕಾದ ಕಡೆ ಕೆತ್ತಿ, ಅಷ್ಟೂ ಹಾಳೆಗಳ ಮೇಲೆ ಹಳದಿ ಒತ್ತಬೇಕು. ಆಮೇಲೆ ಅದೇ ತುಂಡಿನಲ್ಲಿ ಹಳದಿಯಾಗಿ ಉಳಿಯಬೇಕಾದ ಜಾಗ ಕೆತ್ತಿ ತೆಗೆದು, ಮೇಲೆ ಕೆಂಪು. ಆಮೇಲೆ ಹಸಿರು. ಅಯ್ಯೋ, ಹಳದಿ ಇನ್ನೆರಡು ಹಾಳೆ ಬೇಕಿತ್ತು ಅಂದರೆ ಆಗಲ್ಲ. ಹಳದಿ ಒತ್ತಿದ ಆ ತುಂಡು ಈಗ ಲೋಕದಲ್ಲೇ ಇಲ್ಲ.

ಎಲೆಯ ವಿಷಯ ಇಷ್ಟೇ. ಮೂರನೇ ಸಲ ಕೆತ್ತುವಾಗ ಕೆಂಪಾಗಿ ಉಳಿಯಬೇಕಾದದ್ದು ಹಣ್ಣು. ಹಣ್ಣುಗಳನ್ನೆಲ್ಲ ಕೆತ್ತಿದೆ, ಪಕ್ಕದ ಎಲೆಯನ್ನೂ ಅದೇ ಜೋರಿನಲ್ಲಿ ಕೆತ್ತಿಬಿಟ್ಟೆ. ಕೆತ್ತಿದರೆ ಹೋಗುತ್ತದೆ ಅಂತ ಕೈಗೆ ರೂಢಿ. ಇಲ್ಲಿ ಉಲ್ಟಾ, ಕೆತ್ತಿದರೆ ಹಳೆ ಬಣ್ಣ ಉಳಿಯುತ್ತದೆ. ತುಂಡಿಗೆಲ್ಲ ಕೆಂಪು ಮೆತ್ತಿಕೊಂಡಿದ್ದರಿಂದ ಯಾವುದು ಎಲೆ, ಯಾವುದು ಹಣ್ಣು ಅಂತ ಕಣ್ಣಿಗೂ ಹೊಳೆಯಲಿಲ್ಲ. ಈಗ ಕೆತ್ತಬೇಕಾದ ಜಾಗಕ್ಕೆಲ್ಲ ಹಿಂದಿನ ರಾತ್ರಿಯೇ ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೆದಿಡುತ್ತೇನೆ. ಉಳಿ ಮುಟ್ಟುವುದು ಬೆಳಗ್ಗೆ, ಕಾಫಿ ಕುಡಿದ ಮೇಲೆ.

ಅದು ಪೆದ್ದು ತಪ್ಪು. ಒಂದು ಸಲ ಮಾಡಿದರೆ ಮುಗಿಯಿತು. ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು.

ಜುಲೈ ತಿಂಗಳು. ಚಿಕ್ಕಮಗಳೂರಿನ ಜುಲೈ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಚಪ್ಪಲಿಗೂ ಬೂಷ್ಟು. ಇಪ್ಪತ್ತು ಹಾಳೆಗೆ ಹಳದಿ ಒತ್ತಿ, ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆ. ನಾಲ್ಕು ದಿನ ಆದರೂ ಅಂಟು ಅಂಟು. ನಾನು ಬಳಸುವುದು ಅಗಸೆ ಎಣ್ಣೆಯ ಇಂಕು. ಲಿನೋ ಶೀಟೂ ಅಗಸೆ ಎಣ್ಣೆ, ಕಾರ್ಕ್ ಪುಡಿ ಸೇರಿಸಿ ಗೋಣಿಬಟ್ಟೆ ಮೇಲೆ ಬಳಿದದ್ದೇ. ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ, ಗಾಳಿಯ ಆಮ್ಲಜನಕ ಎಳೆದುಕೊಂಡು ಗಟ್ಟಿಯಾಗುತ್ತದೆ. ಥಂಡಿಯಲ್ಲಿ ಅದಕ್ಕೆ ಸೋಮಾರಿತನ.

ಅಮ್ಮ ನೋಡಿ ನೋಡಿ, "ಬಚ್ಚಲ ಒಲೆ ಮೇಲೆ ಕಟ್ಟೋ, ಬಟ್ಟೆ ಅಲ್ಲೇ ಒಣಗಲ್ವಾ?" ಅಂದರು. ಕಟ್ಟಿದೆ. ಎರಡೇ ದಿನಕ್ಕೆ ಒಣಗಿತು. ಖುಷಿಯಿಂದ ಕೆಂಪು ಒತ್ತಿದೆ. ಎಡಗಡೆ ಹಣ್ಣು ಸರಿಯಾಗಿ ಕೂತಿದೆ. ಬಲಗಡೆ ಬಂದರೆ ಹಣ್ಣಿನ ಒಂದು ಪಕ್ಕ ಕೆಂಪು ಹಳದಿಯನ್ನು ದಾಟಿ ಬರೀ ಕಾಗದದ ಮೇಲೆ, ಇನ್ನೊಂದು ಪಕ್ಕ ಹಳದಿ ಅಂಚು. ಪ್ರತಿ ಬಣ್ಣಕ್ಕೂ ಹಾಳೆಯನ್ನು ಅದೇ ಜಾಗದಲ್ಲಿ ಕೂರಿಸಲು ಅಂಟಿಸಿದ ರಟ್ಟಿನ ಮೂಲೆ ಅಲ್ಲಾಡಿದೆ ಅಂದುಕೊಂಡೆ. ಕಿತ್ತು ಮತ್ತೆ ಅಂಟಿಸಿದೆ. ಮತ್ತೆ ಅದೇ. ಮೂರು ಸಲ ಅಂಟಿಸಿದೆ. ಸಿಟ್ಟು ಬಂದು ಆರು ಹಾಳೆ ಅದೇ ಒಲೆಗೆ ಹಾಕಿದೆ.

ಏಳನೆಯದನ್ನು ಹಾಕುವ ಮೊದಲು ಸುಮ್ನೆ ಸ್ಕೇಲ್ ಇಟ್ಟು ನೋಡಿದೆ. ಲಿನೋ ತುಂಡು 300 ಮಿಲಿಮೀಟರ್. ಹಾಳೆ ಮೇಲಿನ ಹಳದಿ ಚಿತ್ರ 298ಕ್ಕಿಂತ ಒಂದು ಕೂದಲು ಜಾಸ್ತಿ. ಮೂಲೆ ಅಲ್ಲಾಡಿರಲಿಲ್ಲ. ಮಳೆ ಥಂಡಿ ಕುಡಿದು ಕಾಗದ ಉಬ್ಬಿದ್ದಾಗ ಹಳದಿ ಬಿದ್ದಿತ್ತು. ಒಲೆಯ ಕಾವಿಗೆ ಕಾಗದ ಕುಗ್ಗಿತು, ಅದರ ಜೊತೆ ಹಳದಿಯೂ. ಎಡದ ಅಂಚನ್ನು ಹೊಂದಿಸುತ್ತಿದ್ದೆ, ಹಾಗಾಗಿ ತಪ್ಪೆಲ್ಲ ಬಲಕ್ಕೆ ಹೋಗಿ ಕೂತಿತ್ತು. ಅದನ್ನು ಹೇಳಬಹುದಾಗಿದ್ದ ಆರು ಸಾಕ್ಷಿಗಳನ್ನು ನಾನೇ ಸುಟ್ಟಿದ್ದೆ.

ಉಳಿದದ್ದರಲ್ಲಿ ಹಸಿರೂ ಮಂಕಾಗಿ ಬಂತು. ಕೆಳಗಿನದು ಮುಚ್ಚಲಿ ಅಂತ ಹಸಿರಿಗೆ ಬಿಳಿ ಬೆರೆಸಿದ್ದರೂ ಕೆಂಪು ಇಣುಕಿ, ಕಾಫಿ ಎಲೆ ಕಾಫಿ ಪುಡಿ ಬಣ್ಣಕ್ಕೆ ತಿರುಗಿತು. ಈ ಸಲ ಕೆಂಪನ್ನು ಸಣ್ಣ ರೋಲರ್‌ನಲ್ಲಿ ಹಣ್ಣಿನ ಸುತ್ತ ಮಾತ್ರ ಹಚ್ಚುತ್ತಿದ್ದೇನೆ. ಹಸಿರು ಬೀಳುವುದು ಹಳದಿ ಮೇಲೆ.

ಈಗ ನನ್ನ ತಕರಾರು. ಇಂಥ ಹಾಳೆ ತೋರಿಸಿದರೆ ಗೆಳೆಯರು ಹೇಳುವುದು ಒಂದೇ ಮಾತು: "ಅದೇ ಅದರ ಸೊಗಸು ಮಾರಾಯ, ಕೈಯಲ್ಲಿ ಮಾಡಿದ್ದು ಅಲ್ವಾ?" ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನನಗೆ ಮೈ ಉರಿಯುತ್ತದೆ. ಎರಡು ಮಿಲಿಮೀಟರ್ ಸೊಗಸು ಅಲ್ಲ, ತಪ್ಪು. ಸೊಗಸು ಅಂದುಬಿಟ್ಟರೆ ಸ್ಕೇಲ್ ಯಾರು ಇಡುತ್ತಾರೆ? ಇನ್ನೊಂದು ಗುಂಪು ನನ್ನಂಥವರು. ನಾಚಿಕೆಯಾಗಿ ಒಲೆಗೆ ಹಾಕುವವರು. ಅವರೂ ಸ್ಕೇಲ್ ಇಡಲ್ಲ.

ಇಲ್ಲಿಂದ ಬೇಲೂರು 25 ಕಿಲೋಮೀಟರ್. ಜಕಣಾಚಾರಿ ಕಥೆ ಕೇಳದೆ ಬೆಳೆದ ಮಕ್ಕಳು ಈ ಕಡೆ ಇಲ್ಲ. ಇತಿಹಾಸ ಅಲ್ಲ, ಕಥೆ, ಇರಲಿ. ಹುಡುಗನೊಬ್ಬ ಬಂದು ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಅನ್ನುತ್ತಾನೆ ಜಕಣಾಚಾರಿ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಕಪ್ಪೆ. ಅಪ್ಪ ಕೈ ಕಡಿದುಕೊಂಡ. ಆ ಹುಡುಗ ಅವನ ಮಗನೇ.

ನಾವೆಲ್ಲ ನೆನಪಿಟ್ಟುಕೊಂಡಿರುವುದು ಕಡಿದ ಕೈಯನ್ನು. ಶಾಲೆಯ ನಾಟಕದಲ್ಲೂ ಚಪ್ಪಾಳೆ ಅಲ್ಲಿಗೇ. ನನಗೆ ಈಗೀಗ ಅದು ಸಿಟ್ಟಿನಲ್ಲಿ ಹಾಳೆ ಸುಡುವ ಹಾಗೆಯೇ ಕಾಣುತ್ತದೆ. ಕೈ ಹೋದರೆ ಮುಂದಿನ ಕಲ್ಲು ಕೆತ್ತುವವರು ಯಾರು? ಆ ಕಥೆಯಲ್ಲಿ ಜಾಣತನದ ವಸ್ತು ಅಂದರೆ ಗಂಧ. ಒಡೆಯದೆ, ಬಯ್ಯದೆ, ತೆಳ್ಳಗೆ ಬಳಿದು ಎಲ್ಲಿ ಒಣಗಲ್ಲ ಅಂತ ಕಾದು ನೋಡುವುದು.

ನನ್ನ ಗಂಧ ಈಗ ಬಹಳ ಅಗ್ಗದ್ದು. ಕೆಟ್ಟ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು, ಮಳೆಯೋ ಬಿಸಿಲೋ, ಎಷ್ಟು ದಿನ ಒಣಗಿತು ಅಂತ ಬರೆಯುತ್ತೇನೆ. ಪ್ರತಿ ಬಣ್ಣಕ್ಕೂ ಮೊದಲು ಸ್ಕೇಲ್. ಕಾಗದವನ್ನು ಬಚ್ಚಲಿಗೆ ಒಯ್ಯಲ್ಲ, ಒತ್ತುವುದು, ಒಣಗಿಸುವುದು ಎಲ್ಲ ಒಂದೇ ಕೋಣೆಯಲ್ಲಿ. ಮತ್ತೆ ಅಂಚಿನಲ್ಲಿ ಒಂದು ಚೂರು ಬಣ್ಣ ಜಾಸ್ತಿ ಒತ್ತಿರುತ್ತೇನೆ, ಬೆರಳಿಟ್ಟು ನೋಡಲು.

ಇವತ್ತು ಹಸಿರು ಹಾಕಬೇಕಿತ್ತು. ಬೆಳಗ್ಗೆ ಬೆರಳಿಟ್ಟೆ, ಕೆಂಪು ಇನ್ನೂ ಅಂಟುತ್ತಿದೆ. ನೋಡಿ, ಹೆಬ್ಬೆರಳಿಗೆ ಹತ್ತಿದೆ. ಅದಕ್ಕೇ ಈ ವಿಡಿಯೊ ಮಾಡುತ್ತಾ ಕೂತೆ.