ದಾಸವಾಳಕ್ಕೊಂದು ಕಪ್ಪು ವೆಲ್ವೆಟ್

ಇವತ್ತಿನ ವಿಡಿಯೋದಲ್ಲಿ ಕಪ್ಪು ಬಟ್ಟೆಯ ಮುಂದೆ ದಾಸವಾಳದ ಫೋಟೋ ತೆಗೆಯೋಣ. ಕುಂಡ ಒಳಗೆ ತಂದಿಟ್ಟಿದ್ದು ನೀವೇ ನೋಡಿದಿರಿ. ದಾಸವಾಳ ಬೆಳಗ್ಗೆ ಅರಳಿದರೆ ಸಂಜೆಗೆ ಮುದುಡುತ್ತದೆ. ಅದಕ್ಕೂ ಮೊದಲೇ ಅಮ್ಮ ಪೂಜೆಗೆ ಕಿತ್ತುಬಿಡುತ್ತಾರೆ. ಹಾಗಾಗಿ ಸ್ವಲ್ಪ ಅವಸರ.

ಹಿಂದೆ ತೂಗುಹಾಕಿದ್ದು ವೆಲ್ವೆಟ್. ಇದರ ಕಥೆ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಚಿಕ್ಕಪೇಟೆಯ ಅಂಗಡಿಯಲ್ಲಿ ಮೊದಲು ಸ್ಯಾಟಿನ್ ತೋರಿಸಿದರು. "ಇದೂ ಕಪ್ಪೇ ಅಲ್ವಾ ಮೇಡಂ?" ಕಪ್ಪೇ, ಆದರೆ ಹೊಳೆಯುತ್ತದೆ. ಬೆಳಕು ಬಿದ್ದರೆ ಫೋಟೋದಲ್ಲಿ ಬೂದು ಬೂದು. ವೆಲ್ವೆಟ್‌ನ ಎಳೆಗಳು ನೆಟ್ಟಗೆ ನಿಂತಿರುತ್ತವೆ, ಬೆಳಕು ಒಳಗೆ ಹೋದರೆ ವಾಪಸ್ ಬರುವುದು ಕಡಿಮೆ. ಮೀಟರಿಗೆ 280 ರೂಪಾಯಿ! ಅರ್ಧ ಮೀಟರ್ ಕತ್ತರಿಸುವುದೇ ಇಲ್ಲವಂತೆ. "ಬ್ಲೌಸಿಗಾ?" ಅಂತ ಕೇಳಿದರು. ಹೂವಿಗೆ ಅಂದೆ. ಆಮೇಲೆ ಚೌಕಾಸಿ ಮಾಡಲು ನನಗೇ ಮುಖ ಇರಲಿಲ್ಲ. ಮನೆಗೆ ತಂದರೆ ಧೂಳು, ಕೂದಲು, ಬೆಕ್ಕಿನ ರೋಮ, ಎಲ್ಲಾ ಇದಕ್ಕೇ ಅಂಟುತ್ತದೆ. ಅಂಗೈಗೆ ಟೇಪ್ ಸುತ್ತಿಕೊಂಡು ಒತ್ತುತ್ತಿದ್ದೇನಲ್ಲ, ಅದು ಅದಕ್ಕೇ. ದಂಡ ಖರ್ಚು.

ಪರದೆ ಒಂದು ಗೇಣು ಮಾತ್ರ ತೆರೆದಿದೆ. ಹೂವು ಕಿಟಕಿಗೆ ಹತ್ತಿರ, ಬಟ್ಟೆ ನಾಲ್ಕಡಿ ಹಿಂದೆ. ಬೆಳಕು ಪಕ್ಕದಿಂದ ಬಂದು ಹೂವಿಗಷ್ಟೇ ತಾಗಬೇಕು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಇದೆಲ್ಲ ಸಾಧ್ಯವೇ ಇಲ್ಲ. ಆಗಸ್ಟ್ 15ರ ಆಸುಪಾಸು ಗಾಜಿನ ಮನೆಯೊಳಗೆ ಹೋಗಿ ನೋಡಿ, ಪ್ರತಿ ಹೂವಿನ ಹಿಂದೆಯೂ ಯಾರದೋ ಸೆಲ್ಫಿ ನಡೆಯುತ್ತಿರುತ್ತದೆ. ಹಾಂ, ಅಲ್ಲಿ ಹೊರಗಡೆ ಸಿಗುವ ಮಸಾಲೆ ಮಾವಿನಕಾಯಿ ಮಾತ್ರ... ಅಯ್ಯೋ, ಶಾಟ್ ಮುಗಿಯಿತು.

ಫೋನಿಗೆ ಕತ್ತಲೆ ಕಂಡರೆ ಆಗುವುದಿಲ್ಲ. ಕಪ್ಪು ಜಾಸ್ತಿ ಇದೆ ಅಂತ ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ಕೆಂಪು ಎಸಳಿನ ಗೆರೆಗಳೆಲ್ಲ ಅಳಿಸಿಹೋಗಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ನೈಟ್ ಮೋಡ್ ಆಫ್ ಮಾಡಿ. ಹೂವಿನ ಮೇಲೆ ಬೆರಳು ಒತ್ತಿ ಹಿಡಿದು, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕ್ಯಾಮೆರಾ ಇದ್ದವರು ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಮೈನಸ್ 1 ಇಟ್ಟು ನೋಡಿ. ನೀರು ಮಾತ್ರ ಚಿಮುಕಿಸಬೇಡಿ, ಹಳೇ ಕ್ಯಾಲೆಂಡರ್ ಥರ ಕಾಣುತ್ತದೆ.

ಬಂತು, ನೋಡಿ! ಕೇಸರದ ತುದಿಯ ಪರಾಗವೂ ಬಿಡಿ ಬಿಡಿಯಾಗಿ ಕಾಣುತ್ತಿದೆ. ಹಿಂದೆ ಒಂದು ಮಡಿಕೆಯೂ ಗೊತ್ತಾಗುತ್ತಿಲ್ಲ. ಸರಿ, 280 ಕೊಡಬಹುದು. 250 ಆಗಿದ್ದರೆ ಇನ್ನೂ ಚೆನ್ನಾಗಿತ್ತು.

ಮುಂದೆ ನಂದಿಬಟ್ಟಲು. ಬಿಳಿ ಹೂವು, ಆ ಸೂರ್ಯನನ್ನು ಇನ್ನೂ ಕೆಳಗಿಳಿಸಬೇಕು. ಬ್ಯಾಟರಿ ಕೆಂಪಾಯಿತು, ಚಾರ್ಜಿಗೆ ಹಾಕಿ ಬಂದೆ, ಇರಿ.