ಫೋನಿನ ಬೀಗ ಒಡೆದ ಮೇಲೆ ಒಳಗೆ ಬರೋರು ಯಾರು?

ಎಲ್ಲರಿಗೂ ನಮಸ್ಕಾರ. ಆಂಡ್ರಾಯ್ಡ್ ಫೋನ್ ರೂಟ್ ಮಾಡಿದವರು, ಐಫೋನ್ ಜೈಲ್‌ಬ್ರೇಕ್ ಮಾಡಿದವರು, ಅಂದರೆ ಕಂಪನಿ ಹಾಕಿದ ಬೀಗ ಒಡೆದು ಫೋನಿನ ಪೂರ್ತಿ ಅಧಿಕಾರ ತಗೊಂಡವರು ಇಲ್ಲಿ ಒಂದಿಬ್ಬರಾದರೂ ಇರ್ತೀರಿ. ಕೈ ಎತ್ತಬೇಡಿ, ಬೈಯೋಕೆ ಬಂದಿಲ್ಲ ನಾನು. ದುಡ್ಡು ಕೊಟ್ಟು ತಂದ ಫೋನಿನಲ್ಲಿ ಏನಿರಬೇಕು ಅಂತ ಕಂಪನಿ ಯಾಕೆ ಹೇಳಬೇಕು ಅನ್ನೋದು ನ್ಯಾಯವಾದ ಪ್ರಶ್ನೆಯೇ. ಅಮೆರಿಕದಲ್ಲಿ 2010ರಲ್ಲೇ ಜೈಲ್‌ಬ್ರೇಕ್‌ಗೆ ಕಾಪಿರೈಟ್ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಹಕ್ಕಿನ ಮಾತು ಅಲ್ಲಿಗೆ ಬಿಡೋಣ.

ಐಫೋನಿನಲ್ಲಿ ಆಪಲ್ ಒಪ್ಪದ ಪ್ರೋಗ್ರಾಂ ಓಡುವುದಿಲ್ಲ. ಓಡುವ ಆ್ಯಪ್ ಕೂಡ ಪಕ್ಕದ ಆ್ಯಪ್‌ನ ಫೈಲು ಮುಟ್ಟುವಂತಿಲ್ಲ. ಜೈಲ್‌ಬ್ರೇಕ್ ಮಾಡಿದರೆ ಈ ಎರಡೂ ಕಾವಲು ಸಡಿಲವಾಗುತ್ತವೆ. ನಿಮಗೆ ಮಾತ್ರ ಅಲ್ಲ, ಒಳಗೆ ಬಂದ ಯಾರಿಗೇ ಆದರೂ.

2009ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಏನಾಯ್ತು ಗೊತ್ತಾ? ಆಗ ಜೈಲ್‌ಬ್ರೇಕ್ ಮಾಡಿದ ತುಂಬಾ ಜನ ದೂರದಿಂದ ಫೋನಿಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಿದ್ದರು. ಪೂರ್ತಿ ಅಧಿಕಾರ ಇರುವ ರೂಟ್ ಖಾತೆಯ ಪಾಸ್‌ವರ್ಡ್ ಆಗಿನ ಐಫೋನುಗಳಲ್ಲೆಲ್ಲ ಒಂದೇ, 'ಆಲ್ಪೈನ್'. ಬೀಗ ಇದ್ದಾಗ ಅದು ಯಾರಿಗೆ ಗೊತ್ತಿದ್ದರೂ ತೊಂದರೆ ಇರಲಿಲ್ಲ, ಯಾಕೆಂದರೆ ಆ ಪಾಸ್‌ವರ್ಡ್ ಹಾಕುವುದಕ್ಕೆ ಬಾಗಿಲೇ ಇರಲಿಲ್ಲ, ಈಗ ಬಾಗಿಲು ಬಂತು, ಪಾಸ್‌ವರ್ಡ್ ಬದಲಾಯಿಸೋದನ್ನು ಮಾತ್ರ ಎಷ್ಟೋ ಜನ ಮರೆತರು. 21 ವರ್ಷದ ಹುಡುಗನೊಬ್ಬ 'ಐಕೀ' ಅನ್ನೋ ವರ್ಮ್, ಅಂದರೆ ತಾನೇ ಹರಡುವ ಕೇಡಿನ ಪ್ರೋಗ್ರಾಂ, ಬರೆದು ಬಿಟ್ಟ. ಅದು ಫೋನಿಂದ ಫೋನಿಗೆ ತಾನೇ ಹಾರಿ, ವಾಲ್‌ಪೇಪರ್ ಜಾಗದಲ್ಲಿ ಗಾಯಕ ರಿಕ್ ಆಸ್ಟ್ಲಿ ಫೋಟೋ ಕೂರಿಸುತ್ತಿತ್ತು. ಜನ ನಕ್ಕರು. ಅದೇ ತಿಂಗಳು ಅದರ ತಮ್ಮ, ಅಂದರೆ ಅದೇ ಜಾತಿಯ ಇನ್ನೊಂದು ವರ್ಮ್, ಬಂದ. ಅವನು ನೆದರ್ಲೆಂಡ್ಸ್‌ನ ಐಎನ್‌ಜಿ ಬ್ಯಾಂಕ್ ಗ್ರಾಹಕರನ್ನು ನಕಲಿ ಲಾಗಿನ್ ಪುಟಕ್ಕೆ ಕಳಿಸಲು ನೋಡಿದ. ದಾರಿ ಅದೇ, ಪಾಸ್‌ವರ್ಡ್ ಅದೇ. ನಗು ನಿಂತಿತು.

2015ರ ಕೀರೇಡರ್ ಅನ್ನೋ ಕಳ್ಳ ಸಾಫ್ಟ್‌ವೇರ್ ಕಥೆ ಇನ್ನೂ ವಿಚಿತ್ರ. ಜೈಲ್‌ಬ್ರೇಕ್ ಆದ ಐಫೋನುಗಳಿಂದ 2,25,000ಕ್ಕೂ ಹೆಚ್ಚು ಆಪಲ್ ಖಾತೆಗಳ ವಿವರ ಕದಿಯಲಾಗಿತ್ತು. ಯಾಕೆ? ಬೇರೆ ಜೈಲ್‌ಬ್ರೇಕ್ ಬಳಕೆದಾರರು ಆ್ಯಪ್‌ಗಳನ್ನು ಪುಕ್ಕಟೆ ಇಳಿಸಿಕೊಳ್ಳಲಿ ಅಂತ! ಪುಕ್ಕಟೆ ಸಿಕ್ಕವರಿಗೆ ಖುಷಿ. ಬಿಲ್ ಯಾರದೋ ಖಾತೆಗೆ.

ಆಂಡ್ರಾಯ್ಡ್‌ನಲ್ಲಿ ದಾರಿ ಬೇರೆ. ರೂಟ್ ಮಾಡೋಕೆ ಸಾಮಾನ್ಯವಾಗಿ ಮೊದಲು ಬೂಟ್‌ಲೋಡರ್, ಅಂದರೆ ಫೋನ್ ಆನ್ ಆದಾಗ ಆಂಡ್ರಾಯ್ಡ್ ಶುರು ಮಾಡೋ ಪ್ರೋಗ್ರಾಂ, ಅದರ ಬೀಗ ತೆಗೀಬೇಕು. ಹಾಗೆ ಅನ್‌ಲಾಕ್ ಮಾಡಿದರೆ ಫೋನಿನ ಡೇಟಾ ಎಲ್ಲ ಅಳಿಸಿಹೋಗುತ್ತೆ. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಫ್ಯೂಸ್ ಅಂತ ಇದೆ, ಕಂಪನಿಯದಲ್ಲದ ಸಾಫ್ಟ್‌ವೇರ್ ಹಾಕಿದರೆ ಹೋಗುತ್ತೆ, ಹಳ್ಳಿ ಮನೆಯ ಫ್ಯೂಸ್ ತರಹ ತಂತಿ ಸುತ್ತಿ ಸರಿ ಮಾಡೋಕೆ ಆಗಲ್ಲ. ಒಮ್ಮೆ ಹೋದರೆ ಹೋಯ್ತು. ಆಮೇಲೆ ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಖಾಸಗಿ ಫೈಲುಗಳಿಗೆ ಬೀಗ ಹಾಕಿಡೋ ಸೆಕ್ಯೂರ್ ಫೋಲ್ಡರ್ ಬರಲ್ಲ.

ಅಸಲಿ ಗೋಳು ಇದಾದ ಮೇಲೆ. ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್ ಎಷ್ಟೋ ಸಲ ರೂಟ್ ಆದ ಫೋನಿನಲ್ಲಿ ತೆರೆಯೋದೇ ಇಲ್ಲ. ಆಗ ಜನ ಏನು ಮಾಡ್ತಾರೆ? ರೂಟ್ ಆಗಿರೋದನ್ನು ಬ್ಯಾಂಕಿನಿಂದ ಬಚ್ಚಿಡೋಕೆ ಯಾರೋ ಬರೆದ, ಯಾವುದೋ ಟೆಲಿಗ್ರಾಂ ಗ್ರೂಪಿನಲ್ಲಿ ಸಿಕ್ಕ ಮಾಡ್ಯೂಲ್ ಅನ್ನೋ ಚಿಕ್ಕ ಸಾಫ್ಟ್‌ವೇರ್ ಹಾಕಿ, ಅದಕ್ಕೆ ರೂಟ್ ಅಧಿಕಾರ ಕೊಟ್ಟು, ಅದೇ ಫೋನಿನಲ್ಲಿ ಯುಪಿಐ ಪಿನ್ ಒತ್ತುತ್ತಾರೆ. ಇದು ನನಗೆ ಅರ್ಥವಾಗದ ಧೈರ್ಯ, ನಿಜವಾಗ್ಲೂ.

ಹಾಗಂತ ಆಟ ಆಡಲೇಬೇಡಿ ಅನ್ನಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆ ಫೋನಿಗೆ ಲಿನಿಯೇಜ್ ಓಎಸ್ ಅನ್ನೋ ಸ್ವಯಂಸೇವಕರು ಕಟ್ಟಿದ ಆಂಡ್ರಾಯ್ಡ್ ಹಾಕಿದರೆ ಅದು ಇನ್ನೊಂದಷ್ಟು ವರ್ಷ ಬದುಕೀತು. ಆ ಫೋನಿನಲ್ಲಿ ಸಿಮ್ ಬೇಡ, ಬ್ಯಾಂಕ್ ಬೇಡ, ಮುಖ್ಯ ಇಮೇಲ್ ಬೇಡ. ಅಷ್ಟು ಮಾಡಿದರೆ ಏನು ಬೇಕಾದರೂ ಬಿಚ್ಚಿ ನೋಡಿ, ಕಲಿಯೋದು ಜಾಸ್ತಿನೇ ಇದೆ.

ಇನ್ನೊಂದು, ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ. ನೀವೇನೂ ಒಡೆಯದೆ ಇದ್ದರೂ ಮುಂಚೆ ಇದ್ದವರು ಒಡೆದಿರಬಹುದು, ಅಲ್ವಾ? ಎಸ್‌ಪಿ ರಸ್ತೆಯಲ್ಲೋ ಪರಿಚಯದವರ ಹತ್ತಿರವೋ ಆಂಡ್ರಾಯ್ಡ್ ಫೋನ್ ಕೊಳ್ಳುವಾಗ ದುಡ್ಡು ಕೊಡೋ ಮುಂಚೆ ಒಮ್ಮೆ ಆಫ್ ಮಾಡಿ ಆನ್ ಮಾಡಿಸಿ. ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೆ ಶುರುವಿನಲ್ಲೇ ಸಾಮಾನ್ಯವಾಗಿ ಒಂದು ಎಚ್ಚರಿಕೆ ಬರುತ್ತೆ. ಮಾರುವವರು ಅದೇನಿಲ್ಲ ಸಾರ್, ಸುಮ್ನೆ ಬರುತ್ತೆ ಅಂದರೆ ಫೋನ್ ವಾಪಸ್ ಕೊಟ್ಟು ಪಕ್ಕದ ಅಂಗಡಿಗೆ ಹೋಗಿ.