ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಎಂಬತ್ತರ ದಶಕದಲ್ಲಿ ಬಾಲ್ಯ ಕಳೆದವರು ನಾಲ್ಕು ಮಂದಿ ಸೇರಿದರೆ ಮಾತು ಹೇಗೋ ಕ್ಯಾಸೆಟ್ಟಿಗೆ ಬಂದು ನಿಲ್ಲುತ್ತದೆ. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲಿನಿಂದ ಸುತ್ತಿದ ಕಥೆಯನ್ನು ಎಲ್ಲರೂ ಹೇಳಿಯಾಗಿದೆ, ಅದನ್ನು ಬಿಡೋಣ. ಹಳೆಯ ಕ್ಯಾಸೆಟ್ಟುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸದಲ್ಲಿರುವ ನಾನು ಇಂದು ಹೇಳಬೇಕಾಗಿರುವುದು ಒಂದೇ ಮಾತು: ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ಹೋದರೆ ಹೋಗಲಿ, ಮನೆಯವರೇ ರೆಕಾರ್ಡ್ ಮಾಡಿದ್ದನ್ನು ದಯವಿಟ್ಟು ಎಸೆಯಬೇಡಿ.

1978ರಲ್ಲಿ ಬಂದ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟಾದ ‘ನಿತ್ಯೋತ್ಸವ’ದ ಹಾಡುಗಳು ಇಂದು ಫೋನಿನಲ್ಲಿ ಕೇಳಸಿಗುತ್ತವೆ. ಸಿನಿಮಾ ಹಾಡುಗಳಿಗಂತೂ ಬರವಿಲ್ಲ. ಆದರೆ ಅದೇ ಕಾಲದಲ್ಲಿ ನಮ್ಮ ಕರಾವಳಿಯ ಮನೆಗಳಿಗೆ ಕೊಲ್ಲಿ ದೇಶಗಳಿಂದ ಟೂ-ಇನ್-ಒನ್‌ಗಳು, ಅಂದರೆ ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆಗಳು, ಬಂದವು. ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸಿದವರಿದ್ದರು. ಯಕ್ಷಗಾನದ ಆಟ, ವೇಷವಿಲ್ಲದೆ ಕೂತು ಪದ್ಯ-ಮಾತುಗಳಲ್ಲೇ ನಡೆಸುವ ತಾಳಮದ್ದಳೆ ನಡೆಯುವಲ್ಲಿಗೆ ಟೇಪ್ ರೆಕಾರ್ಡರ್ ಹೊತ್ತು ಹೋಗಿ, ಮೈಕಿನ ಹತ್ತಿರ ಜಾಗ ಹಿಡಿದು ಇರುಳಿಡೀ ಕೂತವರಿದ್ದರು. ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯಕ್ಷಗಾನದ ಪದ್ಯ ಹಾಡುವ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರನ್ನು ರಂಗದಲ್ಲಿ ನೋಡದ ಹುಡುಗರೂ ಇಂದು ಅವರ ಪದ್ಯಗಳನ್ನು ಗುನುಗುತ್ತಾರೆಂದರೆ, ಅದರಲ್ಲಿ ಹೀಗೆ ನಿದ್ದೆಗೆಟ್ಟ ಅಭಿಮಾನಿಗಳ ಪಾಲು ದೊಡ್ಡದು.

ಕುಂದಾಪುರದ ಕಡೆಯ ಒಬ್ಬ ಯುವಕ ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ಟು ತಂದಿದ್ದರು, ಜೊತೆಗೆ ತಾಯಿಯೂ ಬಂದಿದ್ದರು. ಒಂದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ‘ಕರ್ಣಪರ್ವ, ಎರಡನೇ ಬದಿ ಪೂರ್ತಿ ಇಲ್ಲ’ ಎಂದು ಬರೆದಿತ್ತು. ಹಾಕಿದೆವು. ಪದ್ಯ ಸೊಗಸಾಗಿತ್ತು, ಆದರೆ ನಡುನಡುವೆ ಯಾರೋ ಕೆಮ್ಮುತ್ತಿದ್ದರು, ಲೋಟ ಉರುಳುತ್ತಿತ್ತು, ‘ಗಲಾಟಿ ಮಾಡ್ಬೇಡಿ ಮಕ್ಳೆ, ಟೇಪ್ ಓಡ್ತಾ ಇತ್’ ಎಂದು ಒಬ್ಬರು ಗದರಿಸುತ್ತಿದ್ದರು. ನಲವತ್ತೈದು ನಿಮಿಷಕ್ಕೆ ಸರಿಯಾಗಿ, ಕರ್ಣ ಶಲ್ಯನಿಗೆ ಉತ್ತರ ಕೊಡುತ್ತಿರುವಾಗಲೇ ಟಕ್ ಎಂದು ಬದಿ ಮುಗಿಯಿತು. ಈ ಗದ್ದಲವನ್ನೆಲ್ಲ ಅಳಿಸಿ ಪದ್ಯ ಮತ್ತು ಪಾತ್ರಗಳ ಮಾತಾದ ಅರ್ಥ ಮಾತ್ರ ಉಳಿಸಿಕೊಡಿ ಎಂದರು ಮಗ. ಅಷ್ಟರಲ್ಲಿ ತಾಯಿ ಕೆಮ್ಮಿದವರು ಯಾರು, ಲೋಟ ಉರುಳಿಸಿದ್ದು ಯಾವ ಮನೆಯ ಹುಡುಗ ಎಂದು ಒಂದೊಂದಾಗಿ ಹೇಳತೊಡಗಿದರು. ಗದರಿಸಿದ್ದು ಅವರ ದೊಡ್ಡಪ್ಪ. ಗದರಿಸಿಕೊಂಡ ಮಕ್ಕಳಲ್ಲಿ ಅವರೂ ಒಬ್ಬರು. ‘ಪದ್ಯ ನೀನು ಇಟ್ಟುಕೋ, ನನಗೆ ಗಲಾಟೆಯನ್ನೇ ಬೇರೆ ಮಾಡಿಸಿಕೊಡು’ ಎಂದು ಮಗನಿಗೆ ಹೇಳಿದರು. ಹಾಗೆಯೇ ಮಾಡಿಕೊಟ್ಟೆ. ಆ ಪ್ರಸಂಗವನ್ನು ಆ ದಿನ ಇನ್ನೂ ನಾಲ್ವರು ರೆಕಾರ್ಡ್ ಮಾಡಿರಬಹುದು, ಅವರ ದೊಡ್ಡಪ್ಪನ ಗದರಿಕೆ ಇಷ್ಟು ಹತ್ತಿರದಿಂದ ಇರುವುದು ಇದೊಂದರಲ್ಲೇ.

ಗಾಜಿನಾಚೆಯಿಂದ ಸಮಯದ ಸನ್ನೆ ಬರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮೊದಲು ಮುರಿದುಬಿಡಿ, ಆಮೇಲೆ ಯಾರೂ ತಪ್ಪಿ ಅದರ ಮೇಲೆ ರೆಕಾರ್ಡ್ ಮಾಡಲಾಗದು. ಸ್ಪೀಕರಿನ ಪಕ್ಕ ಇಡಬೇಡಿ, ಅದರೊಳಗೆ ಅಯಸ್ಕಾಂತವಿದೆ. ನಮ್ಮ ಮಳೆಗಾಲಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಅಂಥದ್ದನ್ನು ಆಸೆಗೆ ಬಿದ್ದು ಪ್ಲೇಯರಿಗೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ, ಆದ್ದರಿಂದ ಬಲ್ಲವರ ಕೈಗೇ ಕೊಡಿ. ‘ನೋಡೋಣ, ಬೇಸಿಗೆ ರಜೆಯಲ್ಲಿ ಮಾಡಿಸೋಣ’ ಎನ್ನುವವರು ಬಹಳ. ಆ ಮಾತನ್ನು ನಾನು ಪ್ರತಿ ವರ್ಷವೂ ಕೇಳುತ್ತೇನೆ. ಇಂದೇ ಅಟ್ಟ ಹತ್ತಿ, ಕೈಬರಹದ ಚೀಟಿ ಇರುವ ಕ್ಯಾಸೆಟ್ಟುಗಳನ್ನು ಮೊದಲು ಕೆಳಗಿಳಿಸಿ.

ನಮಸ್ಕಾರ.